ಸಹಿ ಹಾಕಿದವನೇ ತಳ್ಳಬೇಕು

ಒಮ್ಮೆ ಚಾರ್ಜ್ ಮಾಡಿದರೆ ಕಾರು ಇಷ್ಟು ದೂರ ಓಡುತ್ತದೆ ಎಂದು ಸಹಿ ಹಾಕಿದವನೇ, ಅದು ನಡುದಾರಿಯಲ್ಲಿ ನಿಂತರೆ, ಉಳಿದ ದೂರವನ್ನು ತಳ್ಳಿಕೊಂಡು ಹೋಗಬೇಕು. ಒಳಗಿದ್ದವರು ಇಳಿಯಬೇಕಾಗಿಲ್ಲ. ಈ ಕಾನೂನು ಬಂದು ವರ್ಷಗಳಾಗಿದ್ದವು. ಕಾರುಗಳನ್ನು ಪರೀಕ್ಷಿಸಿ ಸಹಿ ಹಾಕುವ ಪಂಕಜಾಕ್ಷನ ಕೈಗವಸು ತಳ್ಳಿ ತಳ್ಳಿ ತೂತುಬಿದ್ದಿತ್ತು.

ಇವತ್ತಿನ ಕರೆ ಬಂದದ್ದು ದೇವರಾಯನದುರ್ಗದ ಏರು ಮುಗಿಯುವಲ್ಲಿಂದ. ಕಾರಿನಲ್ಲಿ ಗಂಡ, ಹೆಂಡತಿ, ಮಕ್ಕಳು, ಮುಂದಿನ ಸೀಟಿನಲ್ಲಿ ದಪ್ಪನೆಯ ಅಜ್ಜಿ. ಸುಡುಬಿಸಿಲೆಂದು ದಾರಿಯುದ್ದಕ್ಕೂ ಎಸಿ ಹಾಕಿದ್ದರು. ಪಂಕಜಾಕ್ಷ ಈ ಕಾರನ್ನು ಪರೀಕ್ಷಿಸಿದ್ದು ತಂಪು ಕೋಣೆಯಲ್ಲಿ, ಚಕ್ರದಡಿ ತಿರುಗುವ ಉರುಳೆಗಳ ಮೇಲೆ, ಎಸಿ ಆರಿಸಿ, ಒಬ್ಬನೇ ಸಣಕಲು ಚಾಲಕನನ್ನು ಕೂರಿಸಿ.

ಅವನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಅಜ್ಜಿ ಬಾಗಿಲು ಹಿಡಿದು ಕಷ್ಟಪಟ್ಟು ಇಳಿದರು.

"ನೀವು ಕೂತ್ಕೊಳ್ಳಿ ಅಜ್ಜಿ, ನಾನು ತಳ್ತೀನಿ."

"ಬ್ಯಾಡ ಕಣಪ್ಪ. ನನ್ನ ಭಾರಕ್ಕೇ ನಿಂತ್ಬಿಡ್ತು. ನಾ ಬರಲ್ಲ ಅಂತ ಹೊರಡೋವಾಗ್ಲೇ ಅಂದಿದ್ದೆ. ನನ್ನಿಂದ ನಿಂಗೆ ತೊಂದ್ರೆ ಆಯ್ತು, ಬೇಜಾರು ಮಾಡ್ಕೋಬ್ಯಾಡ."

ತಪ್ಪು ತನ್ನದೆಂದು ಪಂಕಜಾಕ್ಷನಿಗೆ ಗೊತ್ತಿತ್ತು; ಅವನು ಕಾರಿನ ಹಿಂದೆ ಹೋಗಿ ನಿಂತ. ಅಜ್ಜಿ ಏದುಸಿರು ಬಿಡುತ್ತಾ ಕಾರಿನ ಪಕ್ಕದಲ್ಲೇ ನಡೆದರು. ಅವನು ತಲೆ ತಗ್ಗಿಸಿ ತಳ್ಳತೊಡಗಿದ. ತಳ್ಳುವವರು ಹೇಗೂ ತಲೆ ತಗ್ಗಿಸಲೇಬೇಕಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ.