ನೆಮ್ಮದಿಯ ನಂಬರು

ಸಿಬ್ಬಂದಿಯ ನೆಮ್ಮದಿಗೆಂದು ಕಚೇರಿಯ ಗೋಡೆಗೆ ಅಂಟಿಸಿದ್ದ ಸಹಾಯವಾಣಿಯ ನಂಬರಿಗೆ ವಾರಿಜಾ ಮೆಟ್ಟಿಲ ಮೇಲೆ ಕೂತು ಕೊನೆಗೂ ಫೋನ್ ಮಾಡಿದಳು.

"ಹೇಳಿ ಮೇಡಂ, ಕೇಳ್ತಿದೀನಿ," ಎಂದಿತು ಒಂದು ಹೆಣ್ಣುದನಿ.

ಇಬ್ಬರ ಕೆಲಸವನ್ನು ತನ್ನೊಬ್ಬಳ ತಲೆಗೆ ಕಟ್ಟಿರುವುದು, ಮಧ್ಯಾಹ್ನದ ಡಬ್ಬಿ ಮುಚ್ಚಳ ತೆಗೆಯದೆಯೇ ಮನೆಗೆ ಮರಳುವುದು, ದೂರು ಹೇಳಿದರೆ ಎಚ್‌ಆರ್ ಮ್ಯಾನೇಜರ್ ಧ್ಯಾನ ಶಿಬಿರಕ್ಕೆ ಸೇರಿಕೋ ಎನ್ನುವುದು, ಎಲ್ಲವನ್ನೂ ವಾರಿಜಾ ಒಂದೇ ಉಸಿರಿಗೆ ಹೇಳಿಕೊಂಡಳು.

ಆ ಕಡೆಯಿಂದ ಬರೀ "ಹೂಂ... ಹೂಂ..."

ಅವಳಿಗೆ ರೇಗಿತು. "ಬರೀ ಹೂಂಗುಟ್ಟೋಕೆ ನಿಮ್ಮನ್ನ ಇಟ್ಕೊಂಡಿದಾರಾ? ಒಂದು ಮಾತಾದ್ರೂ ಆಡ್ರೀ. ಇಲ್ಲಾಂದ್ರೆ ಫೋನ್ ಇಡ್ತೀನಿ."

"ಇಡಬೇಡಿ ಮೇಡಂ." ದನಿ ಪಿಸುಮಾತಿಗಿಳಿಯಿತು. "ನೀವು ಇಟ್ಟ ತಕ್ಷಣ ಇನ್ನೊಂದು ಕಾಲ್ ಬರುತ್ತೆ. ಹೀಗೇ ಮಾತಾಡ್ತಿರಿ, ಇದೊಂದು ಚಪಾತಿ ತಿಂದು ಮುಗಿಸ್ತೀನಿ."