ಪಟ್ಟಿಗೆ ಹಿಡಿಯದ ತೋಳು

“ನೂರಾ ನಲವತ್ತೆಂಟು! ಹದಿನೈದು ವರ್ಷಕ್ಕೇ ಇಷ್ಟು ಬಿ.ಪಿ.ಯಾ?”

ಆಸ್ಪತ್ರೆಯ ಹೊಸ ನರ್ಸ್ ಸುಚಿತಾ ಮೂರನೆಯ ಸಲ ಅಳೆದು ತಲೆಯಾಡಿಸಿದಾಗ ತಾಯಿ ನಾಗು ಎದ್ದೇ ನಿಂತಳು. ಮಗಳು ದೀಪಿಕಾ ನಾಳೆ ಜಿಲ್ಲಾ ಕ್ರೀಡಾಕೂಟದಲ್ಲಿ ಗುಂಡು ಎಸೆಯಬೇಕು. ಇವತ್ತು ಫಿಟ್‌ನೆಸ್ ಸರ್ಟಿಫಿಕೇಟ್ ಸಿಗದಿದ್ದರೆ ಕಾರವಾರದ ಬಸ್ಸು ಅವಳನ್ನು ಬಿಟ್ಟೇ ಹೋಗುತ್ತದೆ.

“ಉಪ್ಪು ಜಾಸ್ತಿ ತಿಂತಾಳಾ?”

“ಒಣಮೀನು ತಿಂತದೆ ಸಿಸ್ಟರ್. ಗಂಜಿಗೆ ಮತ್ತೆಂತ ಕೊಡೂದು?” ನಾಗುವಿಗೆ ಅಳುವೇ ಬಂತು. ಒಣಮೀನು ಮಾರಿಯೇ ಬದುಕುವವಳು ಅವಳು. ಕೈಯಾರೆ ಮಗಳನ್ನು ಹಾಳು ಮಾಡಿದೆನಲ್ಲ ದೇವರೇ! “ಇವತ್ತಿಂದ ಮನೇಲಿ ಒಣಮೀನು ಬಂದ್!”

“ಗುಂಡೂ ಇಲ್ಲ, ಒಣಮೀನೂ ಇಲ್ಲ ಅಂದ್ರೆ ನಾ ಎಂತಕ್ಕೆ ಬದುಕೂದು ಆಯಿ?” ಎಂದಳು ದೀಪಿಕಾ.

ಗಲಾಟೆ ಕೇಳಿ ಹಿರಿಯ ನರ್ಸ್ ಜಯಶ್ರೀ ಒಳಗೆ ಬಂದವರು ಹುಡುಗಿಯ ತೋಳು ನೋಡಿ ಹಣೆ ಚಚ್ಚಿಕೊಂಡರು. “ಅಯ್ಯೋ ಮಾರಾಯ್ತಿ, ಇದು ಚಿಕ್ಕ ಮಕ್ಕಳಿಗೆ ಸುತ್ತೂ ಪಟ್ಟಿ! ವಯಸ್ಸು ನೋಡಿ ಸುತ್ತೂದಲ್ಲ, ತೋಳು ನೋಡಿ. ಪಟ್ಟಿ ಸಣ್ಣದಾದ್ರೆ ಬಿ.ಪಿ. ಹೆಚ್ಚೇ ತೋರಸ್ತದೆ.”

ಆ ತೋಳಾದರೂ ಅಂತಿಂಥದೆ? ತೆಂಗಿನಗುಂಡಿ ಕಡಲತೀರದ ಮರಳಿನಲ್ಲಿ ದೊಡ್ಡವರ ಸಾಲಿನಲ್ಲಿ ನಿಂತು, ಐದನೇ ಕ್ಲಾಸಿನಿಂದ ರಂಪಣಿ ಬಲೆಯ ಹಗ್ಗ ಎಳೆದ ತೋಳು. ಊರ ಹೆಂಗಸರು ಗಂಡುಬೀರಿ ಎಂದು ಆಡಿಕೊಂಡಾಗಲೆಲ್ಲ ನಾಗುವೇ ನಾಚಿಕೊಂಡು, ಮಣಿಕಟ್ಟಿನವರೆಗೆ ತೋಳಿರುವ ಚೂಡಿದಾರ ಹೊಲಿಸಿ ಅದನ್ನು ಮುಚ್ಚಿಟ್ಟಿದ್ದಳು.

ಜಯಶ್ರೀ ಹುಡುಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ದೊಡ್ಡ ಪಟ್ಟಿ ಸುತ್ತಿದರು. ನೂರಾ ಹನ್ನೆರಡು, ಎಪ್ಪತ್ತು. ನಾಡಿ ಐವತ್ತೆಂಟು.

“ಹೃದಯ ನೋಡು, ಎಷ್ಟು ನಿಧಾನಕ್ಕೆ ಗಟ್ಟಿಯಾಗಿ ಬಡೀತದೆ. ಇಂಥ ಮಗಳನ್ನ ಹೆತ್ತು ಅಳ್ತೀಯಲ್ಲೆ!” ಎಂದು ನಾಗುವನ್ನು ಗದರಿದರು. ಡಾಕ್ಟರು ಸಹಿ ಹಾಕಿ ಸೀಲು ಒತ್ತಿದರು.

ಬಸ್‌ಸ್ಟಾಪಿನಲ್ಲಿ ಪಕ್ಕದ ಮನೆಯ ಗಂಗಾ ಮೀನಿನ ಬುಟ್ಟಿ ಇಳಿಸಿ ಕೇಳಿದಳು, “ಎಂತ ಆತೆ ನಾಗು? ಆಸ್ಪತ್ರೆಯಿಂದ ಬಂದ್ರಿ, ಮಗಳಿಗೆ ಹುಷಾರಿಲ್ವ?”

ನಾಗು ಮಗಳ ಚೂಡಿದಾರದ ತೋಳನ್ನು ಭುಜದವರೆಗೆ ಮಡಚಿದಳು.

“ಹುಷಾರು ಹೆಚ್ಚಾಗಿತ್ತೆ ಗಂಗಾ! ಆಸ್ಪತ್ರೆ ಪಟ್ಟಿಗೇ ಹಿಡೀಲಿಲ್ಲ!”