ಪಕ್ಕದ ಮನೆಯ ನಾತ

"ಬೇಕಂತಲೇ ಮಾಡ್ತಿದಾಳೆ!"

ಡ್ರೈವಿಂಗ್ ಸ್ಕೂಲಿನ ಯಜಮಾನ ಮೂಗಿಗೆ ಟವೆಲ್ ಒತ್ತಿಕೊಂಡು ಕಿಟಕಿಯನ್ನು ದಢಾರನೆ ಮುಚ್ಚಿದ. ಗೋಡೆಯಾಚೆ ಅಕ್ಕನ ಸೆಪ್ಟಿಕ್ ಟ್ಯಾಂಕ್ ಮತ್ತೆ ಉಕ್ಕಿತ್ತು. ಅದೂ ಇವತ್ತೇ, ಅವನ ಮನೆ ಕೊಳ್ಳಲು ಜನ ಬಂದು ನೋಡುವ ದಿನವೇ.

ಈಗಾಗಲೇ ಇಬ್ಬರು ಗಿರಾಕಿಗಳು ಆ ನಾತಕ್ಕೆ ಹೆದರಿ ಕಾಲ್ಕಿತ್ತಿದ್ದರು. ಈ ಮನೆ ಮಾರಿ ದುಡ್ಡು ಹಂಚದೆ ಗತಿಯಿರಲಿಲ್ಲ. ಅವನ ಗಂಡುಮಕ್ಕಳಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇನ್ನು ಸ್ವಲ್ಪ ದಿನ ಒಂದೇ ಸೂರಿನಡಿ ಇದ್ದರೆ ಕೈಕೈ ಮಿಲಾಯಿಸುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು.

ಒಡಹುಟ್ಟಿದವರ ಜಗಳ ಅವನಿಗೆ ಹೊಸದೇನಲ್ಲ. ಅಪ್ಪ ಹೋದ ಮೇಲೆ ಅವನೂ ಅಕ್ಕನೂ ಇದೇ ಮನೆಯನ್ನು ಸೀಳಿಕೊಂಡವರು. ಬಾಗಿಲ ಚಿಲಕಕ್ಕೂ ಕಿತ್ತಾಡಿ ಹಂಚಿಕೊಂಡು, ನಡುವೆ ಗೋಡೆ ಎಬ್ಬಿಸಿ, ಮಾತು ಬಿಟ್ಟಿದ್ದರು.

ನಿವೃತ್ತ ನರ್ಸ್ ಅವಳು, ಒಂಟಿ ಜೀವ. ಆದರೂ ಎಂಥ ಹೊಟ್ಟೆಕಿಚ್ಚು! ಇವನ ಮನೆ ತುಂಬ ನೆಂಟರು ಬಂದಾಗಲೇ ಅವಳ ಟ್ಯಾಂಕ್ ಉಕ್ಕುತ್ತಿತ್ತು. ಇವರೆಲ್ಲ ಬೀಗ ಹಾಕಿಕೊಂಡು ಪ್ರವಾಸ ಹೋದಾಗ ಮಾತ್ರ ಗಪ್‌ಚಿಪ್. ಮೂಗು ಮುಚ್ಚಿಕೊಳ್ಳುವವರೇ ಇಲ್ಲದಿದ್ದರೆ ಉಕ್ಕಿಸಿ ಏನು ಸುಖ?

ಬೆಳಿಗ್ಗೆಯೇ ಅವನು ನಗರಸಭೆಗೆ ಫೋನ್ ಮಾಡಿ ದೂರು ಕೊಟ್ಟಿದ್ದ. ಟ್ಯಾಂಕ್ ಖಾಲಿ ಮಾಡುವ ಲಾರಿ ಅಕ್ಕನ ಹಿತ್ತಲಿಗೆ ಪೈಪು ಇಳಿಸಿತ್ತು. ಅವನು ಗೋಡೆಯ ಮೇಲಿಂದ ಬಗ್ಗಿದ.

"ನಿಂಗೆ ಸ್ವಲ್ಪನಾದ್ರೂ ಮರ್ಯಾದೆ ಇದೆಯಾ?"

ಎಷ್ಟೋ ವರ್ಷಗಳ ಮೇಲೆ ಅಕ್ಕ ಬಾಯಿಬಿಟ್ಟಳು. "ನಾನೊಬ್ಬಳೇ ಇರೋದು ಕಣೋ. ನಾನೇನು ಮಾಡ್ಲಿ?"

"ಒಬ್ಬಳೇ ಇದ್ದು ಬೀದಿಗೆಲ್ಲ ನಾತ ಹಂಚ್ತೀಯಲ್ಲ! ನಮ್ಮನೇಲಿ ಆರು ಜನ ಇದೀವಿ. ಒಂದು ದಿನ ವಾಸನೆ ಬಂದಿದೆಯಾ?"

ಅಕ್ಕ ಟ್ಯಾಂಕಿನತ್ತ ತಿರುಗಿಕೊಂಡಳು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

ಅಷ್ಟರಲ್ಲಿ ಮನೆ ಕೊಳ್ಳುವವಳು ಬಂದಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು. ಜೊತೆಗೊಬ್ಬ ಪ್ಲಂಬರ್. ಅವಳು ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ನೆಟ್ಟಗೆ ಹಿತ್ತಲಿಗೆ ನಡೆದಳು.

"ಹೋದ ಸಲ ಮನೆ ತಗೊಂಡಾಗ ಬಣ್ಣ, ಟೈಲ್ಸ್ ನೋಡಿ ಮರುಳಾದೆ ಸರ್. ನೆಲದ ಕೆಳಗೆ ಏನಿದೆ ಅಂತ ನೋಡ್ಲಿಲ್ಲ. ಚೆನ್ನಾಗಿ ಅನುಭವಿಸಿದೆ. ನಿಮ್ಮ ಟ್ಯಾಂಕ್ ಖಾಲಿ ಮಾಡ್ಸಿ ಎಷ್ಟು ದಿನ ಆಯ್ತು?"

"ಖಾಲಿ ಮಾಡಿಸೋದಾ?" ಯಜಮಾನ ಎದೆಯುಬ್ಬಿಸಿದ. "ಅಪ್ಪ ಕಟ್ಟಿಸಿದ್ದು ಮೇಡಂ. ಇವತ್ತಿನವರೆಗೆ ಮುಚ್ಚಳ ಎತ್ತಿಲ್ಲ. ಅದರ ಮೇಲೇ ಕಲ್ಲು ಹಾಸಿಬಿಟ್ಟಿದೀವಿ."

ಅವಳೂ ಪ್ಲಂಬರೂ ಮುಖ ಮುಖ ನೋಡಿಕೊಂಡರು.

"ಹಾಗಾದ್ರೆ ಬಣ್ಣದ ನೀರು ಬಿಡೋಣ ಸರ್," ಎಂದ ಪ್ಲಂಬರ್. "ಎಲ್ಲಾದ್ರೂ ಸೋರ್ತಿದ್ರೆ ಗೊತ್ತಾಗುತ್ತೆ."

ಯಜಮಾನನಿಗೆ ಮೈಯೆಲ್ಲ ಉರಿಯಿತು. ಪಕ್ಕದವಳ ಹೊಲಸಿಗೆ ಇವನಿಗೆ ಪರೀಕ್ಷೆ! ಪ್ಲಂಬರನ ಕೈಯಿಂದ ಬಕೆಟ್ ಕಿತ್ತುಕೊಂಡು, ಅವನು ತಂದಿದ್ದ ಕೆಂಪು ಪುಡಿ ಕದಡಿ, ಒಳಗೆ ಹೋಗಿ ತಾನೇ ಕಕ್ಕಸಿಗೆ ಸುರಿದ. ಅದರ ಹಿಂದೆ ಮತ್ತೂ ನಾಲ್ಕಾರು ಬಕೆಟ್ ನೀರು ಹೊಯ್ದು, ಏದುಸಿರು ಬಿಡುತ್ತ ಹಿತ್ತಲಿಗೆ ಬಂದ.

ನೆಲ ಒಣಗಿಯೇ ಇತ್ತು. ಕಲ್ಲಿನ ಸಂದಿಗಳಲ್ಲಿ ಒಂದು ಹನಿಯೂ ಇಲ್ಲ.

"ನೋಡಿದ್ರಾ?" ಅವನು ಗೆದ್ದವನಂತೆ ಗೋಡೆಯತ್ತ ಕೈ ತೋರಿಸಿದ. "ನಮ್ಮದು ಹೀಗೆ. ಬನ್ನಿ ಮೇಡಂ, ಅವಳದ್ದು ಹೇಗಿದೆ ಅಂತ ನೀವೇ ಕಣ್ಣಾರೆ ನೋಡಿ."

ಮೂವರೂ ಗೋಡೆಯ ಮೇಲಿಂದ ಬಗ್ಗಿದರು. ಲಾರಿಯವನು ಪೈಪು ಸುತ್ತಿಕೊಳ್ಳುತ್ತಿದ್ದ. ಟ್ಯಾಂಕ್ ತಳ ಕಾಣುವಷ್ಟು ಖಾಲಿಯಾಗಿತ್ತು. ಅಕ್ಕ ಅದರ ಅಂಚಿನಲ್ಲಿ ನಿಂತು ಕದಲದೆ ಒಳಗೆ ನೋಡುತ್ತಿದ್ದಳು.

ತಮ್ಮನ ಮನೆಯ ಕಡೆಯಿಂದ ಗೋಡೆಯಡಿ ನುಗ್ಗಿ ಬಂದಿದ್ದ ಅಪ್ಪನ ಕಾಲದ ಕೊಳವೆಯಿಂದ, ಅವಳ ಟ್ಯಾಂಕಿಗೆ ಕೆಂಪು ನೀರು ದಬದಬನೆ ಸುರಿಯುತ್ತಿತ್ತು.